ಅಂದು ಬಂಡುಕೋರ, ಇಂದು ಅಧ್ಯಕ್ಷ

ಇವತ್ತು ಗಾಲ್ಫ್ ಬಗ್ಗೆ ಮಾತಾಡೋಣ ಅಂತ ಬಂದಿದ್ದೀನಿ. ರಿಮೋಟ್‌ಗೆ ಕೈ ಹಾಕಿದ್ರಿ, ಅಲ್ವಾ? ಸ್ವಲ್ಪ ತಡೀರಿ. ಗಾಲ್ಫ್ ಆಡೋಕೆ ನನಗೂ ಬರಲ್ಲ. ಮಂಗಳೂರಿನ ಮಣ್ಣಗುಡ್ಡದಲ್ಲಿ ಬೆಳೆದವನು ನಾನು. ನಮ್ಮ ಕಡೆ ಗಾಲ್ಫ್ ಮೈದಾನ ಇರೋದು ಪಿಲಿಕುಳದಲ್ಲಿ. ಆದ್ರೆ ಶಾಲೆಯಲ್ಲಿದ್ದಾಗ ನಾವು ಪಿಲಿಕುಳಕ್ಕೆ ಹೋಗ್ತಿದ್ದದ್ದು ಹುಲಿ ನೋಡೋಕೆ. ಗಾಲ್ಫ್ ಅನ್ನೋದು ದೊಡ್ಡವರ ಆಟ, ನಮಗೂ ಅದಕ್ಕೂ ಏನು ಸಂಬಂಧ ಅಂತಾನೇ ನಾನೂ ಅಂದ್ಕೊಂಡಿದ್ದೆ.

ಕಳೆದ ವಾರ ಊರಿಗೆ ಹೋಗಿದ್ದೆ. ಬೆಳಿಗ್ಗೆ ಮಂಗಳಾ ಕ್ರೀಡಾಂಗಣದ ಕಡೆ ಒಂದು ಸುತ್ತು ಹಾಕಿ ಬರ್ತಿದ್ದಾಗ ಪಕ್ಕದ ಮನೆಯ ಹುಡುಗ ಗೇಟಿನ ಹತ್ತಿರ ಹಿಡಿದ. ಇಂಜಿನಿಯರಿಂಗ್ ಕೊನೆಯ ವರ್ಷ. "ಅಣ್ಣಾ, ಕ್ಯಾಂಪಸ್‌ನಲ್ಲಿ ಕೆಲಸ ಆಯ್ತು. ಆದ್ರೆ ಬಾಂಡ್‌ಗೆ ಸೈನ್ ಹಾಕ್ಬೇಕಂತೆ. ಎರಡು ವರ್ಷ ಬಿಡೋ ಹಾಗಿಲ್ಲ, ಬಿಟ್ಟ ಮೇಲೂ ಇಂಥಿಂಥ ಕಂಪನಿಗೆ ಹೋಗೋ ಹಾಗಿಲ್ಲ. ಹಾಕೋದಾ, ಬೇಡವಾ?" ಅಂತ ಕೇಳಿದ. ನನ್ನ ಕೈಯಲ್ಲಿದ್ದ ಫೋನ್‌ನಲ್ಲಿ ಆಗ ನಾನು ಓದ್ತಾ ಇದ್ದದ್ದು ಭಾರತದ ಗಾಲ್ಫ್ ಜಗಳದ ಸುದ್ದಿ. ಹುಡುಗನ ಪ್ರಶ್ನೆಯೂ ಫೋನ್‌ನಲ್ಲಿದ್ದ ಸುದ್ದಿಯೂ ಒಂದೇ ಅಂತ ಹೊಳೆಯೋಕೆ ನನಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಅವನಿಗೆ "ಸಂಜೆ ಹೇಳ್ತೇನೆ ಮಾರಾಯ" ಅಂದೆ. ಸಂಜೆ ಏನು ಹೇಳಿದೆ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಮೊದಲು ಜಗಳ ಏನು ಅಂತ ನೋಡೋಣ. ಭಾರತದಲ್ಲಿ ವೃತ್ತಿಪರ ಗಾಲ್ಫ್ ನಡೆಸೋದು ಪಿಜಿಟಿಐ, ಅಂದ್ರೆ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ. 2006ರಲ್ಲಿ ಹುಟ್ಟಿದ್ದು. ಆಟಗಾರರೇ ಸೇರಿ ಕಟ್ಟಿಕೊಂಡ ಸಂಸ್ಥೆ. ಸುಮಾರು ಎರಡು ದಶಕ ಇದಕ್ಕೆ ಎದುರಾಳಿ ಅನ್ನೋರೇ ಇರಲಿಲ್ಲ. 2025ರಲ್ಲಿ ಒಬ್ಬ ಎದುರಾಳಿ ಬಂತು. ಹೆಸರು ಐಜಿಪಿಎಲ್, ಇಂಡಿಯನ್ ಗಾಲ್ಫ್ ಪ್ರೀಮಿಯರ್ ಲೀಗ್. ಒಂದೊಂದು ಟೂರ್ನಿಗೆ ಒಂದೂವರೆ ಕೋಟಿ ರೂಪಾಯಿ ಬಹುಮಾನ. ನಾಲ್ಕು ದಿನದ ಬದಲು ಮೂರು ದಿನದ ಆಟ. ಗಂಡಸರು, ಹೆಣ್ಣುಮಕ್ಕಳು ಒಂದೇ ಟೂರ್ನಿಯಲ್ಲಿ. ಮುಖವಾಗಿ ಯುವರಾಜ್ ಸಿಂಗ್. ಇದನ್ನ ನಡೆಸ್ತಿರೋದು ಯಾರು ಗೊತ್ತಾ? ಉತ್ತಮ್ ಸಿಂಗ್ ಮುಂಡಿ. ಇದಕ್ಕೂ ಮೊದಲು ಇದೇ ಪಿಜಿಟಿಐನ ಸಿಇಒ ಆಗಿದ್ದವರು! ಗಗನ್‌ಜೀತ್ ಭುಲ್ಲರ್, ಶಿವ ಕಪೂರ್, ಎಸ್.ಎಸ್.ಪಿ. ಚೌರಾಸಿಯಾ ಅಂಥ ದೊಡ್ಡ ಹೆಸರುಗಳು ಹೊಸ ಲೀಗ್ ಕಡೆ ಹೋದವು. ಪಿಜಿಟಿಐ ಸುಮ್ಮನಿರಲಿಲ್ಲ. ಅಲ್ಲಿ ಆಡಿದವರಿಗೆ ಇಲ್ಲಿ ಜಾಗ ಇಲ್ಲ ಅಂತ ಬಾಗಿಲು ಹಾಕಿತು.

ಇಲ್ಲಿವರೆಗೆ ಮಾಮೂಲು ಕಥೆ. ಆದ್ರೆ ಬಾಗಿಲು ಹಾಕಿದ ಸಂಸ್ಥೆಯ ಅಧ್ಯಕ್ಷರು ಯಾರು? 2024ರಿಂದ ಆ ಕುರ್ಚಿಯಲ್ಲಿ ಕೂತಿರೋದು ಕಪಿಲ್ ದೇವ್. ಹೌದು, ನಮ್ಮ 1983ರ ಕಪಿಲ್ ದೇವ್.

ನೋಡಿ, ಈಗ ನಿಮ್ಮನ್ನ 2007ಕ್ಕೆ ಕರ್ಕೊಂಡು ಹೋಗ್ತೀನಿ. ಕ್ರಿಕೆಟ್ ಪ್ರಸಾರದ ಹಕ್ಕು ಸಿಗದೇ ಹೋದ ಜೀ ಸಮೂಹದ ಸುಭಾಷ್ ಚಂದ್ರ, 'ಹಾಗಾದ್ರೆ ನಾನೇ ಕ್ರಿಕೆಟ್ ಮಾಡ್ತೀನಿ' ಅಂತ ಐಸಿಎಲ್ ಶುರು ಮಾಡಿದ್ರು. ಇಂಡಿಯನ್ ಕ್ರಿಕೆಟ್ ಲೀಗ್. ಅದರ ಕಾರ್ಯಕಾರಿ ಮಂಡಳಿಗೆ ಮುಖ್ಯಸ್ಥರಾಗಿ ಬಂದವರು ಇದೇ ಕಪಿಲ್ ದೇವ್. ಆಗ ಅವರು ನಮ್ಮ ಬೆಂಗಳೂರಿನಲ್ಲಿದ್ದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಅಧ್ಯಕ್ಷರು. ಬಿಸಿಸಿಐ ಅವರನ್ನ ಆ ಹುದ್ದೆಯಿಂದ ಕಿತ್ತುಹಾಕಿತು. ವಿಶ್ವಕಪ್ ತಂದುಕೊಟ್ಟ ನಾಯಕ ಅಂತಾನೂ ನೋಡಲಿಲ್ಲ. ಐಸಿಎಲ್ ಸೇರಿದ ಹುಡುಗರಿಗೆ ರಣಜಿ ಬಾಗಿಲೂ ಬಂದ್, ಭಾರತ ತಂಡದ ಬಾಗಿಲೂ ಬಂದ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ತನ್ನದೇ ಐಪಿಎಲ್ ಘೋಷಿಸಿತು. 2008ರ ಏಪ್ರಿಲ್ 18ಕ್ಕೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಮೊದಲ ಪಂದ್ಯ, ಮೆಕಲಮ್ ಅಜೇಯ 158. ಬಂಡಾಯಗಾರರ ಐಡಿಯಾ ಗೆದ್ದಿತು, ಬಂಡಾಯಗಾರರು ಸೋತರು. 2009ರ ಹೊತ್ತಿಗೆ ಐಸಿಎಲ್ ಮುಗಿದೇ ಹೋಯ್ತು. ಕಪಿಲ್ ಮತ್ತೆ ಬಿಸಿಸಿಐ ಅಂಗಳಕ್ಕೆ ಕಾಲಿಡೋಕೆ 2012 ಆಗಬೇಕಾಯ್ತು.

ಅಂದು ಬಾಗಿಲ ಹೊರಗೆ ನಿಂತಿದ್ದ ಮನುಷ್ಯ ಇಂದು ಒಳಗೆ ನಿಂತು ಚಿಲಕ ಹಾಕ್ತಿದ್ದಾರೆ. ನಾನು ಕಪಿಲ್ ದೇವ್ ಅವರನ್ನ ಆಡಿಕೊಳ್ಳೋಕೆ ಈ ಮಾತು ಹೇಳ್ತಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತವರಿಗೂ ಅವರದ್ದೇ ಲೆಕ್ಕ ಇರುತ್ತೆ. ಪ್ರಾಯೋಜಕರಿಗೆ ಮಾತು ಕೊಟ್ಟಿರ್ತಾರೆ, ಒಳ್ಳೇ ಆಟಗಾರರು ಎದ್ದು ಹೋದ್ರೆ ಉಳಿದವರಿಗೆ ಬರಬೇಕಾದ ದುಡ್ಡೂ ಕಮ್ಮಿಯಾಗುತ್ತೆ. ಆ ಭಯ ಸುಳ್ಳಲ್ಲ. ಆದ್ರೆ ಹೊರಗೆ ನಿಲ್ಲೋದು ಹೇಗಿರುತ್ತೆ ಅಂತ ದೇಶದಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಕಪಿಲ್ ದೇವ್‌ಗೆ ಗೊತ್ತಿರಬೇಕಲ್ವಾ? ನನ್ನ ಪ್ರಶ್ನೆ ಅಷ್ಟೇ.

ನಿಷೇಧ ಅನ್ನೋ ಪದ ಹೇಳೋಕೆ ಸುಲಭ. ಅದರ ಬೆಲೆ ಏನು ಅಂತ ಕನ್ನಡಿಗರಿಗೆ ಒಂದು ಹೆಸರು ಹೇಳಿದ್ರೆ ಸಾಕು. ಸ್ಟುವರ್ಟ್ ಬಿನ್ನಿ. 2007ರಲ್ಲಿ ಇಪ್ಪತ್ಮೂರರ ಹುಡುಗ. ಕರ್ನಾಟಕ ತಂಡದಲ್ಲಿ ಜಾಗ ಗಟ್ಟಿ ಇರಲಿಲ್ಲ. ಐಸಿಎಲ್‌ಗೆ ಹೋದ, ಹೈದರಾಬಾದ್ ಹೀರೋಸ್‌ಗೆ ಆಡಿದ. ರಾಜ್ಯ ತಂಡದ ಬಾಗಿಲು ಮುಚ್ಚಿತು. 2009ರಲ್ಲಿ ಬಿಸಿಸಿಐ ಕ್ಷಮೆ ಕೊಟ್ಟ ಮೇಲೆ ವಾಪಸ್ ಬಂದ. ಆಮೇಲೆ ನಡೆದದ್ದು ನಿಮಗೇ ಗೊತ್ತು. 2013-14, 2014-15, ಸತತ ಎರಡು ಸಲ ರಣಜಿ ಗೆದ್ದ ಕರ್ನಾಟಕ ತಂಡದಲ್ಲಿ ಇದ್ದ. 2014ರ ಜೂನ್ 17ರಂದು ಢಾಕಾದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್ ಕೊಟ್ಟು 6 ವಿಕೆಟ್! ಭಾರತ 105ಕ್ಕೆ ಆಲೌಟ್ ಆಗಿದ್ದ ಮ್ಯಾಚು ಅದು. ಎದುರಾಳಿಯನ್ನ 58ಕ್ಕೆ ಕಟ್ಟಿಹಾಕಿ ಗೆದ್ವಿ. ಈಗ ಯೋಚಿಸಿ. 2009ರಲ್ಲಿ ಆ ಕ್ಷಮೆ ಸಿಗದೇ ಇದ್ದಿದ್ರೆ ಆ ಆರು ವಿಕೆಟ್ ಎಲ್ಲಿರ್ತಿತ್ತು? ಇನ್ನೊಂದು ಮಾತು. 1983ರಲ್ಲಿ ಕಪಿಲ್ ತಂಡದ ಪರ ಅತಿ ಹೆಚ್ಚು, 18 ವಿಕೆಟ್ ತೆಗೆದ ರೋಜರ್ ಬಿನ್ನಿ ಸ್ಟುವರ್ಟ್ ಅಪ್ಪ. 2022ರಲ್ಲಿ ಅದೇ ಬಿಸಿಸಿಐಗೆ ಅಧ್ಯಕ್ಷರಾದರು. ಮಗನನ್ನ ಹೊರಗಿಟ್ಟ ಮನೆಗೆ ಅಪ್ಪ ಯಜಮಾನ. ನಿಷೇಧಗಳ ಆಯಸ್ಸು ಇಷ್ಟೇ ಸ್ವಾಮಿ. ಆಡುವವನ ಆಯಸ್ಸು ಅದಕ್ಕಿಂತ ಕಮ್ಮಿ, ಕಷ್ಟ ಅಲ್ಲೇ ಇರೋದು.

ಇದನ್ನ ಇಷ್ಟು ಬಿಸಿಯಾಗಿ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇದು ನನಗೂ ಆಗಿದೆ. ಇಂಜಿನಿಯರಿಂಗ್ ಮುಗಿಸಿ ನಾನು ಮೊದಲು ಸೇರಿದ್ದು ಒಂದು ಸಾಫ್ಟ್‌ವೇರ್ ಕಂಪನಿ. ಹೆಸರು ಬೇಡ. ಬಾಂಡ್ ಇತ್ತು. ಟಿವಿ ಹುಚ್ಚು ಹತ್ತಿ ಬಿಟ್ಟೆ. ದುಡ್ಡು ಕಟ್ಟಿಸಿಕೊಂಡ್ರು, ಕಟ್ಟಿದ್ದು ಅಪ್ಪ. ಅವರ ನಿವೃತ್ತಿಗೆ ಇನ್ನು ಒಂದೇ ವರ್ಷ ಇತ್ತು. ಆಮೇಲೆ ಒಂದು ಚಾನೆಲ್. ಮೂರು ವರ್ಷ ದುಡಿದ ಮೇಲೆ ಹೊಸ ಚಾನೆಲ್‌ನಿಂದ ಕರೆ ಬಂತು. ರಾಜೀನಾಮೆ ಕೊಟ್ಟ ದಿನವೇ ನನ್ನ ಐಡಿ ಕಾರ್ಡ್ ತಗೊಂಡ್ರು, ರಿಲೀವಿಂಗ್ ಲೆಟರ್ ಕೊಡಲಿಲ್ಲ. ನಾನು ಮಾಡಿದ್ದ ಕಾರ್ಯಕ್ರಮಗಳ ಪ್ರೋಮೋಗಳಿಂದ ನನ್ನ ಮುಖ ಕಟ್ ಆಯ್ತು. ಹೊಸಬರು 'ಲೆಟರ್ ತಂದು ಸೇರ್ಕೊಳ್ಳಿ' ಅಂದ್ರು, ಹಳಬರು 'ನೋಡೋಣ' ಅಂದ್ರು. ಆರು ತಿಂಗಳು ಮಣ್ಣಗುಡ್ಡದ ಮನೆಯಲ್ಲಿ ಕೂತೆ. ಬೀದಿಯಲ್ಲಿ ಸಿಕ್ಕವರು "ಎಂತ, ಈಗ ಟಿವಿಯಲ್ಲಿ ಕಾಣ್ಲಿಕ್ಕೇ ಇಲ್ಲ?" ಅಂತ ಕೇಳ್ತಿದ್ರು. ಅಮ್ಮ ರಾತ್ರಿ ಒಂಬತ್ತಕ್ಕೆ ಟಿವಿ ಹಾಕೋದನ್ನೇ ಬಿಟ್ಟಿದ್ರು. ಒಬ್ಬ ಆಂಕರ್ ಆರು ತಿಂಗಳು ಕಾಣದಿದ್ರೆ ಜನ ಮರೀತಾರೆ. ಒಬ್ಬ ಗಾಲ್ಫರ್ ಒಂದು ಸೀಸನ್ ಆಡದಿದ್ರೆ ಶ್ರೇಯಾಂಕ ಪಾತಾಳಕ್ಕೆ ಹೋಗುತ್ತೆ. ಕೈಕೆಲಸ ಇರೋ ಮನುಷ್ಯನ ಮೇಲೆ ಮಾಡೋ ದೊಡ್ಡ ಅನ್ಯಾಯ ಅಂದ್ರೆ ಕೆಲಸ ಮಾಡೋಕೆ ಬಿಡದೇ ಇರೋದು.

ಹಾಗಂತ ಹೊಸ ಲೀಗ್ ಅಂದ ತಕ್ಷಣ ಆರತಿ ಎತ್ತೋಕೂ ನಾನು ತಯಾರಿಲ್ಲ. ಅದಕ್ಕೆ ಜಗತ್ತಿನ ದೊಡ್ಡ ಜಗಳವನ್ನ ನೋಡಬೇಕು. 2022ರ ಜೂನ್‌ನಲ್ಲಿ ಲಂಡನ್ ಹತ್ತಿರ ಲಿವ್ ಗಾಲ್ಫ್ ಶುರುವಾಯ್ತು. ರೋಮನ್ ಅಂಕಿಯಲ್ಲಿ ಎಲ್-ಐ-ವಿ ಅಂದ್ರೆ 54. ಆಗ ಮೂರು ದಿನ, 54 ಹೋಲ್ ಆಟ ಇತ್ತು. ದುಡ್ಡು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯದ್ದು. ಆಗ ಒಂದು ಟೂರ್ನಿಗೆ ಎರಡೂವರೆ ಕೋಟಿ ಡಾಲರ್! 48 ಜನ ಆಟಗಾರರಿದ್ರು, ಕೊನೆಯ ಸ್ಥಾನಕ್ಕೆ ಬಂದವನಿಗೂ 1 ಲಕ್ಷ 20 ಸಾವಿರ ಡಾಲರ್ ಸಿಗ್ತಿತ್ತು. ಮಾಮೂಲು ಗಾಲ್ಫ್‌ನಲ್ಲಿ ಎರಡು ದಿನದ ಆಟದ ನಂತರ 'ಕಟ್' ಅಂತ ಇರುತ್ತೆ. ಕಟ್ ದಾಟದವನಿಗೆ ಸಾಮಾನ್ಯವಾಗಿ ಒಂದು ಪೈಸೆಯೂ ಇಲ್ಲ, ವಿಮಾನದ ಟಿಕೆಟ್, ಹೋಟೆಲ್, ಕ್ಯಾಡಿಯ ಕೂಲಿ ಎಲ್ಲ ಅವನದ್ದೇ. ಲಿವ್‌ನಲ್ಲಿ ಕಟ್ಟೇ ಇಲ್ಲ. ಅಮೆರಿಕದ ಪಿಜಿಎ ಟೂರ್ ಏನು ಮಾಡಿತು? ಮೊದಲ ದಿನ ಆಟ ಶುರುವಾದ ಹೊತ್ತಿಗೇ ಹೋದವರನ್ನೆಲ್ಲ ಅಮಾನತು ಮಾಡಿತು. ತಮಾಷೆ ಅಂದ್ರೆ ಈ ಪಿಜಿಎ ಟೂರ್ ಕೂಡ ಬಂಡಾಯದಿಂದ ಹುಟ್ಟಿದ ಕೂಸೇ. 1968ರಲ್ಲಿ ಆಟಗಾರರು ಹಳೇ ಸಂಸ್ಥೆಯಿಂದ ಸಿಡಿದು ಬಂದು ಕಟ್ಟಿದ್ದು ಅದು.

ಈ ಜಗಳದಲ್ಲಿ ಬೆಂಗಳೂರಿನ ಒಬ್ಬ ಮನುಷ್ಯ ಇದ್ದಾನೆ. ಅನಿರ್ಬನ್ ಲಾಹಿರಿ. ಸೇನೆಯ ವೈದ್ಯರ ಮಗ, ಬೆಂಗಳೂರಿನಲ್ಲಿ ವಿಜಯ್ ದಿವೇಚಾ ಕೈಯಲ್ಲಿ ಪಳಗಿದವನು. 2022ರ ಮಾರ್ಚ್‌ನಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನ. ಅದೇ ವರ್ಷ ಲಿವ್ ಸೇರಿದ. ಬಾಸ್ಟನ್‌ನ ಮೊದಲ ಟೂರ್ನಿಯಲ್ಲೇ ಪ್ಲೇ-ಆಫ್‌ವರೆಗೆ ಹೋಗಿ ಡಸ್ಟಿನ್ ಜಾನ್ಸನ್‌ಗೆ ಸೋತ. ದುಡ್ಡು ಬಂತು, ನಾನೇನೂ ಹೊಟ್ಟೆ ಉರ್ಕೊಳ್ಳಲ್ಲ. ಆದ್ರೆ ಲಿವ್‌ನ ಆಟಕ್ಕೆ ವಿಶ್ವ ಶ್ರೇಯಾಂಕದ ಅಂಕ ಕೊಡೋಕೆ ಆಗ ಒಪ್ಪಲಿಲ್ಲ. ರಿಯೋ, ಟೋಕಿಯೊ ಎರಡೂ ಒಲಿಂಪಿಕ್ಸ್ ಆಡಿದವನ ಶ್ರೇಯಾಂಕ ಕುಸೀತಾ ಹೋಯ್ತು. 2024ರ ಪ್ಯಾರಿಸ್‌ಗೆ ಶುಭಂಕರ್ ಶರ್ಮಾ, ಗಗನ್‌ಜೀತ್ ಭುಲ್ಲರ್ ಹೋದರು, ಲಾಹಿರಿ ಇರಲಿಲ್ಲ. ಆತ ತಾನೇ ಆರಿಸಿಕೊಂಡ ದಾರಿ, ಬೆಲೆಯೂ ಆತನದ್ದೇ ಅನ್ನಬಹುದು. ಆದ್ರೆ ತ್ರಿವರ್ಣ ಧ್ವಜ ಹಿಡಿಯೋ ಜಾಗದಲ್ಲಿ ನಷ್ಟ ನಮ್ಮದೂ ಹೌದು.

ಲಿವ್ ಶುರುವಾಗಿ ಒಂದು ವರ್ಷ ಆಗೋದರೊಳಗೆ, 2023ರ ಜೂನ್ 6ಕ್ಕೆ ಏನಾಯ್ತು? ಪಿಜಿಎ ಟೂರ್ ಮತ್ತು ಸೌದಿ ನಿಧಿ ಕೈಕುಲುಕಿ 'ಒಪ್ಪಂದದ ಚೌಕಟ್ಟು' ಘೋಷಿಸಿಬಿಟ್ಟವು! ನೀತಿ, ನಿಷ್ಠೆ ಅಂತ ಉಪದೇಶ ಕೇಳಿ ಕೋಟಿಗಟ್ಟಲೆ ಡಾಲರ್ ಬೇಡ ಅಂದ ಆಟಗಾರರು ಆ ಸುದ್ದಿಯನ್ನ ಫೋನ್‌ನಲ್ಲಿ ಓದಿದ್ರು. ಒಪ್ಪಂದ ಎರಡು ವರ್ಷ ಆದ್ರೂ ಪೂರ್ತಿ ಆಗಲಿಲ್ಲ, ಅದು ಬೇರೆ ಮಾತು. ಮೇಲೆ ಕೂತವರಿಗೆ ಇದು ವ್ಯವಹಾರ, ಕೆಳಗಿರೋರಿಗೆ ಮಾತ್ರ ನಿಷ್ಠೆಯ ಪಾಠ. ಕಾರ್ಪೊರೇಟ್ ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದ್ರೂ ಇದು ಹೊಸದಾ?

ಪೈಪೋಟಿಯಿಂದ ಲಾಭ ಆಗಲಿಲ್ವಾ? ಆಯ್ತು. ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನ ಬಹುಮಾನ ಒಂದೇ ವರ್ಷದಲ್ಲಿ 2 ಕೋಟಿ ಡಾಲರ್‌ನಿಂದ ಎರಡೂವರೆ ಕೋಟಿಗೆ ಏರಿತು. ಆದ್ರೆ ಲಾಭ ಯಾರಿಗೆ? ದೊಡ್ಡ ಹೆಸರುಗಳನ್ನ ಉಳಿಸಿಕೊಳ್ಳೋಕೆ ಹಳೇ ಟೂರ್ ಕೂಡ ಎಪ್ಪತ್ತು-ಎಂಬತ್ತು ಜನರಿಗೆ ಮಾತ್ರ ಅಂತ ದುಬಾರಿ ಟೂರ್ನಿಗಳನ್ನ ಮಾಡಿತು. ಅದುವರೆಗೆ 125 ಜನರಿಗೆ ಸಿಗ್ತಿದ್ದ ಪೂರ್ಣ ಕಾರ್ಡನ್ನ 2026ರಿಂದ 100ಕ್ಕೆ ಇಳಿಸ್ತು. ಮಹಡಿಯಲ್ಲಿ ಜಗಳ ಆಯ್ತು, ಮುರಿದದ್ದು ಏಣಿಯ ಕೆಳಗಿನ ಮೆಟ್ಟಿಲು.

ಈ ಮೆಟ್ಟಿಲು ಯಾಕೆ ಮುಖ್ಯ ಅಂತ ಹೇಳೋಕೆ ನಾನು ನಿಮಗೆ ಸಿ. ಮುನಿಯಪ್ಪ ಅವರನ್ನ ಪರಿಚಯ ಮಾಡಿಸಬೇಕು. ಬೆಂಗಳೂರಿನವರು. ವಿಮಾನ ನಿಲ್ದಾಣ ರಸ್ತೆಯ, ಅಂದ್ರೆ ಹಳೇ ಎಚ್ಎಎಲ್ ವಿಮಾನ ನಿಲ್ದಾಣದ ರಸ್ತೆಯ ಕೆಜಿಎ ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಆಗಿದ್ದವರು. ಕ್ಯಾಡಿ ಅಂದ್ರೆ ಸಾಹೇಬರ ಚೀಲ ಹೊರೋ ಕೆಲಸ. ಬೇರೆಯವರ ಕೋಲು ಹೊತ್ತು, ಬೇರೆಯವರು ಹೊಡೆದ ಚೆಂಡು ಹುಡುಕಿ ಕಲಿತ ಆಟ. 2009ರಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ನಡೀತು. ದೇಶದ ಅತಿ ಪ್ರತಿಷ್ಠಿತ ಗಾಲ್ಫ್ ಪ್ರಶಸ್ತಿ ಅದು. ಕೊರಿಯಾದ ಆಟಗಾರನನ್ನ ಪ್ಲೇ-ಆಫ್‌ನಲ್ಲಿ ಸೋಲಿಸಿ ಅದನ್ನ ಗೆದ್ದವರು ಮುನಿಯಪ್ಪ. ಚಿಕ್ಕರಂಗಪ್ಪ ಅಂತ ಇನ್ನೊಬ್ಬ ಹುಡುಗ, ಬಿಡದಿ ಹತ್ತಿರದ ಈಗಲ್‌ಟನ್ ಗಾಲ್ಫ್ ರೆಸಾರ್ಟ್ ಪಕ್ಕದ ಹಳ್ಳಿಯವನು. ಅಲ್ಲಿ ಚೆಂಡು ಹೆಕ್ತಾ ಶುರು ಮಾಡಿ ಪಿಜಿಟಿಐನಲ್ಲಿ ಪ್ರಶಸ್ತಿ ಮೇಲೆ ಪ್ರಶಸ್ತಿ ಗೆದ್ದ. ಚೌರಾಸಿಯಾ ಅಂತ ಆಗಲೇ ಹೇಳಿದ್ನಲ್ಲ, ಅವರ ಅಪ್ಪ ಕೋಲ್ಕತ್ತಾದ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ತಿದ್ದ ನೌಕರ.

ಗಾಲ್ಫ್ ದೊಡ್ಡವರ ಆಟ ಅಂತ ಶುರುವಿನಲ್ಲಿ ಹೇಳಿದ್ನಲ್ಲ, ಆ ಮಾತನ್ನ ಈಗ ವಾಪಸ್ ತಗೊಳ್ತೀನಿ. ಮೈದಾನ ದೊಡ್ಡವರದ್ದು. ಆದ್ರೆ ಭಾರತದಲ್ಲಿ ಈ ಆಟವನ್ನ ಹೊಟ್ಟೆಪಾಡಿಗೆ ಆಡಿದವರಲ್ಲಿ ಹಿಂಬಾಗಿಲಿನಿಂದ ಬಂದ ಮುನಿಯಪ್ಪಂದಿರು ಬಹಳ. ಅವರಿಗೆ ಆಹ್ವಾನ ಪತ್ರ ಯಾರೂ ಕಳಿಸಿರಲಿಲ್ಲ. ಅರ್ಹತಾ ಸುತ್ತು ಅಂತ ಒಂದಿತ್ತು. ಫೀಸು ಕಟ್ಟಿ, ಚೆನ್ನಾಗಿ ಹೊಡೆದ್ರೆ ಒಳಗೆ ಬರಬಹುದಿತ್ತು. ಇವತ್ತಿಗೂ ಪಿಜಿಟಿಐನಲ್ಲಿ ವರ್ಷದ ಅಗ್ರಸ್ಥಾನ ಪಡೆದವನಿಗೆ ಯುರೋಪಿನ ಡಿಪಿ ವರ್ಲ್ಡ್ ಟೂರ್‌ನ ಕಾರ್ಡ್ ಸಿಗುತ್ತೆ. 2023ರಲ್ಲಿ ಹಾಗೆ ಹೋದವನು ಮಧ್ಯಪ್ರದೇಶದ ಮಹೂವಿನ ಓಂ ಪ್ರಕಾಶ್ ಚೌಹಾಣ್. ಇವನೂ ಕ್ಯಾಡಿಯಾಗಿ ಶುರು ಮಾಡಿದವನೇ. ಹೊಸ ಲೀಗ್ ಏಷ್ಯನ್ ಟೂರ್ ಜೊತೆ ಕೈಜೋಡಿಸಿದೆ, ಅಲ್ಲೂ ಒಂದು ದಾರಿ ತೆರೆದ್ರೆ ಸಂತೋಷ. ನಾನು ಇಬ್ಬರಿಗೂ ಕೇಳೋದು ಒಂದೇ ಪ್ರಶ್ನೆ: ಇವತ್ತು ಒಬ್ಬ ಮುನಿಯಪ್ಪ ಬಂದ್ರೆ ಯಾವ ಬಾಗಿಲಿನಿಂದ ಒಳಗೆ ಬರಬೇಕು? ಹೊಸಬರು 'ನಾವು ಕರೆದವರು ಮಾತ್ರ' ಅಂದ್ರೆ ತಪ್ಪು. ಹಳಬರು 'ಆ ಮನೆಗೆ ಹೋದವನು ಈ ಮನೆಗೆ ಬರಬೇಡ' ಅಂದ್ರೆ ಅದೂ ತಪ್ಪು. ಅರವತ್ತನೇ ರ‍್ಯಾಂಕಿನ ಹುಡುಗನಿಗೆ ಎರಡೂ ಕಡೆ ಸೇರಿ ವರ್ಷಕ್ಕೆ ಇಪ್ಪತ್ತೈದು-ಮೂವತ್ತು ವಾರ ಕೆಲಸ ಸಿಕ್ಕಿದ್ರೆ ಅವನ ಮನೆ ನಡೆಯುತ್ತೆ. ಒಂದೇ ಕಡೆ ಅಂದ್ರೆ ಅವನು ಮತ್ತೆ ಚೀಲ ಹೊರೋಕೆ ಹೋಗಬೇಕು.

ನಾನು ಓದಿದ್ದು ಇಂಜಿನಿಯರಿಂಗ್. ಒಂದೇ ಪಂಪ್ ಮೇಲೆ ಇಡೀ ಊರಿನ ನೀರು ನಿಂತಿದ್ರೆ ಅದು ಕೆಟ್ಟ ವಿನ್ಯಾಸ ಅಂತ ನಮಗೆ ಹೇಳಿಕೊಟ್ಟಿದ್ರು. ಎರಡು ಪಂಪ್ ಇರಲಿ, ಬೇಕು. ಆದ್ರೆ ಎರಡು ಪಂಪ್‌ನವರು ಪರಸ್ಪರರ ಪೈಪ್ ಒಡೀತಾ ಕೂತ್ರೆ ನಲ್ಲಿಯಲ್ಲಿ ನೀರು ಬರಲ್ಲ.

ಪರಿಹಾರ ಹುಡುಕೋಕೆ ಅಮೆರಿಕಕ್ಕೆ ಹೋಗಬೇಕಾ? ನಮ್ಮ ಕರಾವಳಿಗೆ ಬನ್ನಿ. ಯಕ್ಷಗಾನ ಮೇಳಗಳೂ ವೃತ್ತಿಪರ ಲೀಗ್‌ಗಳೇ ಅಲ್ವಾ? ಒಂದು ಕಾಲದಲ್ಲಿ ಸುರತ್ಕಲ್ ಮೇಳ, ಕರ್ನಾಟಕ ಮೇಳ ಟಿಕೆಟ್ ಇಟ್ಟು, ಡೇರೆ ಹಾಕಿ ಒಬ್ಬರ ಮೇಲೊಬ್ಬರು ಬಿದ್ದು ಆಟ ಆಡಿಸ್ತಿದ್ವು. ಕಲಾವಿದನಿಗೆ ಒಂದು ತಿರುಗಾಟಕ್ಕೆ ಒಪ್ಪಂದ. ಆ ತಿರುಗಾಟದ ಮಧ್ಯೆ ಬಿಟ್ಟು ಹೋಗೋದು ಮರ್ಯಾದೆ ಅಲ್ಲ. ಮೇ ಕೊನೆಗೆ ಪತ್ತನಾಜೆ ಬರುತ್ತೆ, ಗೆಜ್ಜೆ ಬಿಚ್ತಾರೆ. ಆಮೇಲೆ ಮುಂದಿನ ತಿರುಗಾಟಕ್ಕೆ ಯಾವ ಮೇಳ ಅನ್ನೋದು ಕಲಾವಿದನ ಇಷ್ಟ. ನಿನ್ನೆ ಈ ಮೇಳದಲ್ಲಿ ಅರ್ಜುನ ಆಗಿದ್ದವನು ಮುಂದಿನ ವರ್ಷ ಎದುರು ಮೇಳದಲ್ಲಿ ಕರ್ಣ ಆಗಬಹುದು. ಜನ ಬೇಜಾರು ಮಾಡಿಕೊಳ್ಳಲ್ಲ, ನೋಡೋಕೆ ಅಲ್ಲಿಗೇ ಹೋಗ್ತಾರೆ. ಅಲ್ಲೂ ಮುಂಗಡದ ಹಂಗು, ಯಜಮಾನರ ಮುನಿಸು ಎಲ್ಲ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಪತ್ತನಾಜೆ ಅನ್ನೋ ಒಂದು ದಿನ ಇದೆಯಲ್ಲ, ಅವತ್ತು ಬಾಗಿಲು ತೆರೆಯುತ್ತೆ. ನಮ್ಮ ಗಾಲ್ಫ್‌ಗೆ, ನಮ್ಮ ಕ್ರಿಕೆಟ್‌ಗೆ, ನಮ್ಮ ಕಂಪನಿಗಳಿಗೆ ಬೇಕಾಗಿರೋದು ಒಂದು ಪತ್ತನಾಜೆ. ಸೀಸನ್ ಮುಗಿಯೋವರೆಗೆ ನಿಷ್ಠೆ ಕೇಳಿ, ನ್ಯಾಯ. ಸೀಸನ್ ಮುಗಿದ ಮೇಲೂ ಗೆಜ್ಜೆ ನಮ್ಮದೇ ಅಂದ್ರೆ, ಅದು ಅನ್ಯಾಯ.

ಕಪಿಲ್ ದೇವ್ ಅವರೇ, ನಿಮ್ಮ ಮೇಲೆ ನನಗೆ ಗೌರವ ಇದೆ. ಗೌರವ ಇರೋದರಿಂದಲೇ ಕೇಳ್ತಿದ್ದೀನಿ. 2007ರಲ್ಲಿ ನಿಮ್ಮ ಬಗ್ಗೆ ಬಿಸಿಸಿಐ ಯಾವ ತೀರ್ಮಾನ ತಗೊಂಡಿದ್ರೆ ಚೆನ್ನಾಗಿತ್ತು ಅಂತ ನಿಮಗೆ ಅನ್ನಿಸಿತ್ತೋ, ಆ ತೀರ್ಮಾನವನ್ನ ಈಗ ನೀವು ತಗೊಳ್ಳಿ. ಹೊಸ ಲೀಗ್‌ನವರೇ, ನೀವು ದೊಡ್ಡ ಚೆಕ್ ಹಿಡಿದು ಫೋಟೋ ತೆಗೆಸಿಕೊಳ್ಳಿ, ಜೊತೆಗೆ ಕ್ಯಾಡಿಗಳ ಶೆಡ್ಡಿನ ಹತ್ತಿರ ಒಂದು ಅರ್ಹತಾ ಸುತ್ತಿನ ನೋಟಿಸ್ ಕೂಡ ಅಂಟಿಸಿ.

ಆ ಹುಡುಗನಿಗೆ ಸಂಜೆ ಏನು ಹೇಳಿದೆ ಅಂತ ಕೇಳ್ತೀರಾ? ಜಗಲಿಯಲ್ಲಿ ಕೂತು ಇಬ್ಬರೂ ಆ ಕಾಗದ ಪೂರ್ತಿ ಓದಿದ್ವಿ. "ಎರಡು ವರ್ಷ ಅಲ್ಲಿ ಕೆಲಸ ಮಾಡ್ತೀನಿ ಅನ್ನೋ ಮಾತಿಗೆ, ನಿಂಗೆ ಒಪ್ಪಿಗೆ ಇದ್ರೆ, ಸೈನ್ ಹಾಕು. ಕೊಟ್ಟ ಮಾತು ಉಳಿಸಿಕೊ. ಆದ್ರೆ ಬಿಟ್ಟ ಮೇಲೆ ಎಲ್ಲಿಗೆ ಹೋಗಬಾರದು ಅನ್ನೋ ಈ ಹನ್ನೊಂದನೇ ಕಲಂ ಇದೆಯಲ್ಲ, ಇದನ್ನ ತೆಗೀತೀರಾ ಅಂತ ಮೇಲ್ ಹಾಕಿ ಕೇಳು" ಅಂದೆ. "ಕೇಳಿದ್ರೆ ಆಫರ್ ವಾಪಸ್ ತಗೊಂಡ್ರೆ?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಅಪ್ಪ ಒಳಗಿನಿಂದಲೇ ಕೇಳಿಸಿಕೊಳ್ತಿದ್ರು ಅನ್ನಿಸುತ್ತೆ. ಹೊರಗೆ ಬಂದು, "ಕೇಳಲಿ ಮಾರಾಯ, ಇವನು ಆವತ್ತು ಕೇಳ್ಲಿಲ್ಲ" ಅಂದ್ರು.

ಮೇಲ್ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಬಂದ ಮೇಲೆ ನಿಮಗೂ ಹೇಳ್ತೀನಿ.